ಮೀನಿಲ್ಲದ ಮಡುವಿನ ಅರ್ಜಿ

ಅಳದವರಿಗೆ ಅವರು ಅರ್ಜಿ ಬರೆದುಕೊಡುತ್ತಿರಲಿಲ್ಲ. ದಿಂಡಿಗಲ್ಲಿನ ಕಚೇರಿಯ ಎದುರು, ಹುಣಸೆಮರದ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತಿದ್ದರು. ಬಂದವರು ಹೊಲದ ತಕರಾರನ್ನೋ ದಾಯಾದಿಗಳ ಕಾಟವನ್ನೋ ಹೇಳಿಕೊಳ್ಳುವಾಗ ಕಣ್ಣು ಮುಚ್ಚಿ ಕೇಳುವರು. ಹೇಳಿ ಮುಗಿದ ಮೇಲೆ ಕಣ್ಣು ತೆರೆದು ಎದುರಿಗಿದ್ದವರ ಕೆನ್ನೆ ನೋಡುವರು. ಕೆನ್ನೆ ಒಣಗಿದ್ದರೆ ಲೇಖನಿ ಮುಟ್ಟುವುದೇ ಇಲ್ಲ.

“ನಿನಗೇ ಅಳು ಬರಲ್ಲೆ, ಓದೋ ದೊರೆಗೆ ಎಂಗೆ ಬರ್ತದೆ? ಅಲ್ಲಿ ಕೂತು ಇನ್ನೊಂದು ಸಲ ನೆನಸ್ಕೊಂಡು ಬಾ” ಎಂದು ರಸ್ತೆಯಾಚೆಯ ಕಲ್ಲುಬೆಂಚಿಗೆ ಕಳಿಸುತ್ತಿದ್ದರು.

ಒಮ್ಮೆ ಗದ್ದೆಯ ಬದು ಕಳೆದುಕೊಂಡ ವಿಧವೆಯೊಬ್ಬಳು ಅಳಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಅವರು ಸಂತೋಷದಿಂದ ತಲೆಯಾಡಿಸಿ, “ಸಾಕು ತಾಯಿ, ಇದು ಎರಡು ಅರ್ಜಿಗೆ ಆಗ್ತದೆ” ಎಂದರು. ಆಕೆ ಅಳುತ್ತಲೇ ನಕ್ಕುಬಿಟ್ಟಳು. ನಕ್ಕದ್ದಕ್ಕೆ ಅವರಿಗೆ ಸಿಟ್ಟು ಬಂದು ಅಂದಿನ ಅರ್ಜಿಯನ್ನು ನಾಳೆಗೆ ಹಾಕಿದರು.

ಹೋದ ವಾರ ಅವರು ತೀರಿಕೊಂಡರೆಂದು ದಿಂಡಿಗಲ್ಲಿನಿಂದ ಬಂದ ಗಾಡಿಯವರು ಹೇಳಿದರು. ಅಂದಿನಿಂದ ಊರಿನ ಕಟ್ಟೆಯ ಮೇಲೆ ಒಂದೇ ಸಮ ಹೊಗಳಿಕೆ. ಬದುಕಿದ್ದಾಗ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದವರೆಲ್ಲ ಈಗ ಅವರ ಬುದ್ಧಿಯನ್ನು ಅಳೆದು ಹೇಳುತ್ತಾರೆ. ನನಗೆ ಅವರ ಬುದ್ಧಿಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೂ ಅವರು ಹೋದದ್ದು ನನಗೆ ದುಃಖ ತಂದಿದೆ. ಯಾಕೆ ಎಂದು ಕಟ್ಟೆಯ ಮೇಲೆ ಹೇಳುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೊಳ್ಳೇಗಾಲದ ಕಡೆಗೆ ಹೊಗೆಸೊಪ್ಪು ಒಯ್ಯುತ್ತಿದ್ದ ದಿನಗಳಲ್ಲಿ ನಾನು ಕನ್ನಡದ ಅಕ್ಷರ ಕಲಿತೆ. ನಮ್ಮ ಕಂಬಂ ಕಣಿವೆಯಲ್ಲಿ, ತಮಿಳರ ನಡುವೆ, ಕನ್ನಡ ಆಡುವ ಮನೆಗಳು ಊರೂರಿಗೂ ಇವೆ. ಓದಬಲ್ಲವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಸರ್ಕಾರದಿಂದ ಮುಚ್ಚಿಡಬೇಕಾದ ಮಾತಿಗೆ ಇದಕ್ಕಿಂತ ಒಳ್ಳೆಯ ಪೆಟ್ಟಿಗೆ ಸಿಗದು.

ಪೆಟ್ಟಿಗೆ ಎಂದಾಗ ಅವರ ಪೆಟ್ಟಿಗೆಯೇ ನೆನಪಿಗೆ ಬರುತ್ತದೆ. ಎರಡು ಲೇಖನಿ, ಒಂದು ಮಸಿಕುಡಿಕೆ, ಮಸಿ ಒಣಗಿಸುವ ಮರಳಿನ ಡಬ್ಬಿ, ಕಾಗದ, ಇಷ್ಟೇ ಅದರೊಳಗೆ. ಅದಕ್ಕೆ ಹಾಕಿದ್ದ ಬೀಗ ಮಾತ್ರ ದಿಂಡಿಗಲ್ಲಿನ ಕಮ್ಮಾರರು ದೇವಸ್ಥಾನದ ಹುಂಡಿಗೆ ಮಾಡಿಕೊಡುವ ಅಳತೆಯದು. ಪೆಟ್ಟಿಗೆ ಎತ್ತಿದರೆ ಬೀಗದ ಕಡೆಗೇ ವಾಲುತ್ತಿತ್ತು. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಅವರು ನಡೆದರೆ ಅದು ತೊಡೆಗೆ ಬಡಿದು ಸದ್ದಾಗುತ್ತಿತ್ತು. ಅಂಗಿ ಇಲ್ಲದ ಮೈಮೇಲೆ ಕಪ್ಪು ಕೋಟು. ಹಿಂದೆ ಒಬ್ಬ ತೊಗಲಿನ ವ್ಯಾಪಾರಿಯ ಬಳಿ ರೈಟರಾಗಿದ್ದಾಗ ಸಿಕ್ಕಿದ ಕೋಟಂತೆ. ಆ ವ್ಯಾಪಾರಿಗೆ ಬೇಕಿದ್ದದ್ದು ಎರಡು ಸಾಲಿನ ಕಾಗದ, ಇವರು ಬರೆಯುತ್ತಿದ್ದದ್ದು ಎರಡು ಪುಟದ್ದು. ಆದ್ದರಿಂದ ಕೆಲಸ ಹೋಯಿತು, ಕೋಟು ಉಳಿಯಿತು. ಲೇಖನಿಯ ಮೊನೆಯನ್ನು ಜುಟ್ಟಿನಲ್ಲಿ ಒರೆಸುವ ಅಭ್ಯಾಸವಿತ್ತು. ತಲೆಯೆಲ್ಲ ನರೆತ ಮೇಲೂ ಜುಟ್ಟು ಮಾತ್ರ ಕಪ್ಪಗಿದ್ದದ್ದು ಹಾಗೆ.

ನಮ್ಮ ಹನುಮಂತನಪಟ್ಟಿಯವರೇ ಅವರು. ದೂರದ ನಂಟಿನಲ್ಲಿ ನನಗೆ ಮಾಮನಾಗಬೇಕು, ನಾನು ಅವರಿಗೆ ಮಾಪ್ಳೆ, ಅಂದರೆ ಅಳಿಯ. ಇದ್ದ ಹೆಣ್ಣುಮಗಳನ್ನು ನನಗೆ ಕೊಡದೆ ಬೋಡಿಯ ಏಲಕ್ಕಿ ವ್ಯಾಪಾರಿಯ ಮನೆಗೆ ಕೊಟ್ಟಿದ್ದರು. ಅದರಿಂದ ಇಬ್ಬರಿಗೂ ಒಬ್ಬರನ್ನೊಬ್ಬರು ಗೇಲಿ ಮಾಡುವ ಹಕ್ಕು ಪೂರ್ತಿಯಾಗಿ ಇತ್ತು.

ಅವರ ಅರ್ಜಿಗಳ ಕೀರ್ತಿ ಒಂದು ಮೇಕೆಯಿಂದ ಹಬ್ಬಿತು. ಬೋಡಿಮೆಟ್ಟಿನ ಕೆಳಗೆ ಒಬ್ಬನ ಮೇಕೆಯನ್ನು ಚಿರತೆ ಹೊತ್ತೊಯ್ದಿತ್ತು. ಪರಿಹಾರ ಕೇಳಿ ಬರೆದುಕೊಡಿ ಎಂದು ಅವನು ಬಂದ. ಇವರು ಚಿರತೆಯನ್ನು ಹುಲಿ ಮಾಡಿದರು. ಚಿರತೆಯ ಹೆಸರಿಗೆ ಕಚೇರಿಯಲ್ಲಿ ಯಾರೂ ತಲೆ ಎತ್ತುವುದಿಲ್ಲವಂತೆ. ಬರೆಯುತ್ತ ಬರೆಯುತ್ತ ಆ ಹುಲಿಗೆ ಒಂದು ಹೆಂಡತಿಯೂ ಮರಿಗಳೂ ಆದವು. ಅರ್ಜಿ ಓದಿದ ಇಬ್ಬರು ದೊರೆಗಳು ಬಂದೂಕು, ಡೇರೆ, ಅಡಿಗೆಯವರ ಸಮೇತ ಬಂದು ಊರಲ್ಲಿ ಬೀಡುಬಿಟ್ಟರು. ಹುಲಿ ಸಿಗಲಿಲ್ಲ. ಬೀಡು ಎದ್ದು ಹೋಗುವ ಹೊತ್ತಿಗೆ ಮೇಕೆ ಕಳೆದುಕೊಂಡವನ ಹಿತ್ತಿಲಲ್ಲಿ ಒಂದು ಕೋಳಿಯೂ ಉಳಿದಿರಲಿಲ್ಲ. ಮಾಮ ಮಾತ್ರ, “ನನ್ನ ಅರ್ಜಿಗೆ ಇಬ್ಬರು ದೊರೆಗಳು ಎದ್ದು ಬಂದವ್ರೆ, ಬೇರೆ ಯಾವನ ಅರ್ಜಿಗೆ ಬಂದವ್ರೆ ಸೊಲ್ಲು” ಎಂದು ಕೇಳುತ್ತಿದ್ದರು.

ಇಂಥವರ ಬಳಿ ನಾನು ಹೋಗಬೇಕಾಗಿ ಬಂತು.

ನಮ್ಮೂರಿನ ಕೆಳಗೆ ಸುರುಳಿ ನದಿ ತಿರುಗುವಲ್ಲಿ ಒಂದು ಮಡು ಇದೆ. ಅದರ ಕಾವಲು ನಮ್ಮ ಮನೆಯದು. ಯಾರು ಕೊಟ್ಟರೋ ತಿಳಿಯದು, ತಾತನ ತಾತನೂ ಕಾದಿದ್ದನಂತೆ. ಆ ಮಡುವಿನ ಗೆಂಡೆ ಮೀನುಗಳನ್ನು ನಮ್ಮವರು ಹಿಡಿಯುವುದಿಲ್ಲ, ತಿನ್ನುವುದಿಲ್ಲ. ಮದುವೆಯಾಗಿ ಹೋದ ಹೆಣ್ಣು ತವರಿಗೆ ಬಂದರೆ ಮೊದಲು ಮಡುವಿಗೆ ಹೋಗಿ ಹಿಡಿ ಅಕ್ಕಿ ಹಾಕಿ, ಆಮೇಲೆ ಮನೆಯ ಹೊಸಿಲು ತುಳಿಯುತ್ತಾಳೆ. ಹೊರಗಿನಿಂದ ದೊಡ್ಡ ನೆಂಟರು ಬರುವುದಿದ್ದರೆ ಊರೆಲ್ಲ ಮೀನಿಗೆ ಉಣ್ಣಿಸುತ್ತದೆ. ಬಂದವರ ಕಣ್ಣಿಗೆ ಹಸಿದ ಮೀನು ಬಿದ್ದರೆ, ಈ ಊರಿನವರು ಮನೆಯವರನ್ನೇ ಉಪವಾಸ ಇಡುವವರು ಎಂದುಕೊಂಡಾರು ಎಂಬ ನಾಚಿಕೆ. ನಮ್ಮವ್ವನಂತೂ ಆ ಮೀನುಗಳನ್ನು ಬೈಯುವುದೂ ಮಕ್ಕಳನ್ನು ಬೈಯುವ ಹಾಗೆಯೇ.

ಆ ವರ್ಷ ಘಟ್ಟದಲ್ಲಿ ಬಂಡೆ ಒಡೆಯುವ ಕೆಲಸಕ್ಕೆ ಎಲ್ಲಿಂದಲೋ ಒಂದು ಗುಂಪು ಬಂದಿತ್ತು. ಅವರ ಮೇಸ್ತ್ರಿ ಸಿಡಿಮದ್ದಿನ ರುಚಿ ಕಂಡವನು. ರಜದ ದಿನ ಗುಂಪು ಕಟ್ಟಿಕೊಂಡು ನದಿಗೆ ಇಳಿದು, ಮಡುವಿಗೆ ಮದ್ದು ಎಸೆದ. ನೀರು ಎದ್ದು ಬಿತ್ತು. ಆಮೇಲೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಬೇಕಾದಷ್ಟನ್ನು ಆರಿಸಿಕೊಂಡು, ಉಳಿದದ್ದನ್ನು ಕೊಳೆಯಲು ಬಿಟ್ಟು ಹೋದರು. ಅಡ್ಡ ಹೋದ ನನ್ನನ್ನು ತಳ್ಳಿ ಕೆಡವಿದರು. ಅವ್ವ ಸತ್ತ ಮರಿಮೀನುಗಳನ್ನು ಮಡಿಲಿಗೆ ಹಾಕಿಕೊಂಡು ದಡದಲ್ಲಿ ಕೂತಿದ್ದಳು. ನನಗೆ ಪೆಟ್ಟಿಗಿಂತ ಅದೇ ಹೆಚ್ಚು ನೋಯಿಸಿತು. ಆ ಗುಂಪಿನವರು ಮತ್ತೆ ಬಂದರು, ಮತ್ತೂ ಬಂದರು. ಇನ್ನೊಂದು ಬೇಸಿಗೆ ಹೀಗೇ ಹೋದರೆ ಬೀಜಕ್ಕೂ ಮೀನು ಉಳಿಯುವುದಿಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ತಲೆತಲಾಂತರದಿಂದ ಕಾದದ್ದು ನನ್ನ ಕಾಲಕ್ಕೆ ಮುಗಿಯಬೇಕೇ ಎಂದು ಊಟ ಸೇರುತ್ತಿರಲಿಲ್ಲ.

ನನಗೆ ಬೇಕಿದ್ದದ್ದು ಸ್ವಲ್ಪವೇ. ಮಡುವಿಗೆ ಸರ್ಕಾರದಿಂದ ಸಂಬಳದ ಇಬ್ಬರು ಕಾವಲುಗಾರರು, ಮದ್ದನ್ನೂ ಮೀನಿಗೆ ವಿಷವಾಗುವ ಕಳ್ಳಿಹಾಲನ್ನೂ ಹಾಕಬಾರದೆಂದು ಒಂದು ಆಜ್ಞೆ. ಹೊಗೆಸೊಪ್ಪಿನ ಗಾಡಿ ದಿಂಡಿಗಲ್ಲಿಗೆ ಹೊಡೆದಾಗ ಒಂದು ಕಟ್ಟು ತೆಗೆದಿಟ್ಟು, ಮಾಮನ ಚಾಪೆಯ ಮುಂದೆ ಇಳಿಸಿ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, ತೆರೆದು ನನ್ನ ಕೆನ್ನೆ ನೋಡಿದರು.

“ಇದಕ್ಕೆ ಯಾರು ಅಳೋದು ಮಾಪ್ಳೆ? ಮೀನು ಅಳೋದನ್ನ ಯಾರು ಕಂಡವ್ರೆ?”

“ಅವ್ವ ಅಳ್ತವ್ಳೆ ಮಾಮ.”

“ಅವ್ವನ ಅಳು ಗದ್ದೆಗೆ ಆಗ್ತದೆ, ಮೀನಿಗೆ ಆಗಲ್ಲೆ.” ಹೊಗೆಸೊಪ್ಪಿನ ಎಲೆಯೊಂದನ್ನು ಮುರಿದು ಮೂಸಿ ಯೋಚಿಸಿದರು. “ಅಳು ಬೇಡ. ಇದಕ್ಕೆ ಆಸೆ ಬೇಕು. ಓದೋವ್ನಿಗೆ ಆಸೆ ಹುಟ್ಟಬೇಕು.”

ಅರ್ಜಿ ಒಂದು ದಿನಕ್ಕೆ ಮುಗಿಯಲಿಲ್ಲ. ಪ್ರತಿ ಸಲ ಗಾಡಿ ಹೋದಾಗಲೂ ನನ್ನನ್ನು ಎದುರಿಗೆ ಕೂರಿಸಿ ಸಾಕ್ಷಿಯನ್ನು ಕೇಳುವಂತೆ ಕೇಳುತ್ತಿದ್ದರು. ಇಬ್ಬರು ಕಾವಲುಗಾರರ ಮಾತಿಗೆ ಅವರು ನನ್ನನ್ನು ಕನಿಕರದಿಂದ ನೋಡಿದರು.

“ಇಬ್ಬರನ್ನ ಕೇಳಿದ್ರೆ ಒಬ್ಬನ್ನೂ ಕೊಡಲ್ಲೆ. ಒಂದು ಠಾಣ ಕೇಳು. ಠಾಣದ ಮುಂದೆ ಬಾವಿ ಕೇಳು. ಬಾವಿಗೆ ಕಟ್ಟೆ ಕೇಳು, ಕಟ್ಟೆ ಮೇಲೆ ನೆರಳಿಗೆ ಮರ ಕೇಳು. ಅವ್ರು ಒಂದೊಂದೇ ಹೊಡೆದಾಕಿ, ಹೊಡೆದಾಕಿ, ರೊಂಬ ದಣಿದು ಇಬ್ಬರು ಕಾವಲುಗಾರ್ರ ಹತ್ರ ಬಂದು ನಿಲ್ತಾರೆ.”

ಮೀನು ಎಷ್ಟು ದೊಡ್ಡದು ಎಂದು ಕೇಳಿದರು. ನಾನು ಬೆರಳ ತುದಿಯಿಂದ ಮೊಣಕೈವರೆಗೆ ತೋರಿಸಿದೆ. “ಮೊಣಕೈ ಅಂದ್ರೆ ಬಡತನ” ಎಂದು ನನ್ನ ಕೈಯನ್ನು ತಾವೇ ಹೆಗಲವರೆಗೆ ಸರಿಸಿ ಬರೆದುಕೊಂಡರು. ಮಡುವಿಗೆ ನೀರು ಕುಡಿಯಲು ಯಾವ ಯಾವ ಪ್ರಾಣಿ ಬರುತ್ತವೆ ಎಂದು ಕೇಳಿದರು. ನಮ್ಮ ದನ, ಒಂದೊಂದು ಸಲ ನರಿ, ಒಂದು ಜೋಡಿ ನೀರುನಾಯಿ ಎಂದೆ. ಅವರು ಬರೆದುಕೊಂಡದ್ದು ಕಡವೆ, ಕಾಡುಕೋಣ, ಆನೆ.

“ನಮ್ಮ ಮಡುಗೆ ಆನೆ ಬಂದದ್ದು ನಾನು ಕಂಡಿಲ್ಲೆ ಮಾಮ.”

“ಅದು ಬಂದಾಗ ನೀನು ಮನೇಲಿ ನಿದ್ದೆ ಹೊಡೀತಿದ್ದೆ.”

ನೀರುನಾಯಿಯ ಹತ್ತಿರ ಲೇಖನಿ ನಿಂತಿತು. ಮೀನನ್ನು ಕಾಪಾಡಿ ಎಂದು ಕೇಳುವ ಅರ್ಜಿಯಲ್ಲಿ ಮೀನು ತಿನ್ನುವ ಪ್ರಾಣಿಯನ್ನೂ ಕಾಪಾಡಿ ಎಂದು ಹೇಗೆ ಬರೆಯುವುದು? ನಾನು ಅದನ್ನು ಬಿಟ್ಟುಬಿಡಿ ಎಂದೆ. ಒಮ್ಮೆ ಕಾಗದಕ್ಕೆ ಬಂದ ಪ್ರಾಣಿಯನ್ನು ಓಡಿಸುವುದು ಅವರ ಜಾಯಮಾನವಲ್ಲ. ತುಂಬಾ ಹೊತ್ತು ಜುಟ್ಟಿನಲ್ಲಿ ಮೊನೆ ಒರೆಸಿ, ಈ ಪ್ರಾಂತದ ನೀರುನಾಯಿಗಳು ಮುದಿಯಾದ, ತಾವಾಗಿಯೇ ಸಾಯಲಿರುವ ಮೀನುಗಳನ್ನು ಮಾತ್ರ ತಿನ್ನುತ್ತವೆ ಎಂದು ಬರೆದರು. ಆ ದಿನ ಅವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳದಿದ್ದದ್ದು ಕೈ ಎಟುಕದೆ ಇರಬೇಕು.

ಕೊನೆಗೆ ಇಡೀ ಅರ್ಜಿಯನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರು. ಕಚೇರಿಯ ಜವಾನರು ಹೊರಗೆ ಬಂದು ನಿಂತರು. ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಉಸಿರು ಕಟ್ಟುವಷ್ಟು ಉದ್ದ ಇದ್ದ ಒಂದು ಜಾಗ ಕನ್ನಡದಲ್ಲಿ, “ದೊರೆಗಳಿಗೆ ಮೀನು ಕಂಡ್ರೆ ಪ್ರೀತಿ ಅಂತ ಬರೆದಿವ್ನಿ” ಎಂದಷ್ಟೇ ಆಯಿತು. ಅಲ್ಲಿ ಏನೋ ಉಳಿದುಕೊಂಡಿದೆ ಎಂದು ನನಗೆ ಅನ್ನಿಸಿತು. ಕೇಳಿದೆ. “ಇಂಗ್ಲಿಷು ಹೊಟ್ಟೆ ದೊಡ್ಡದು ಮಾಪ್ಳೆ, ತಿಂದದ್ದೆಲ್ಲ ಕಾಣಲ್ಲೆ” ಎಂದರು.

ಅರ್ಜಿ ಹೋಯಿತು. ಒಂದು ಬೆಳೆ ಬಂದು ಹೋದ ಮೇಲೆ, ಮಡುವನ್ನು ನೋಡಲು ಒಬ್ಬ ದೊರೆ ಬರುತ್ತಾರೆಂದು ಸುದ್ದಿ ಬಂತು. ಮಾಮ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಎರಡು ದಿನ ಮೊದಲೇ ಊರಿಗೆ ಇಳಿದರು. ಊರವರನ್ನು ಕಟ್ಟೆಗೆ ಕರೆದು ಭಾಷಣ ಮಾಡಿದರು. “ದೊಡ್ಡ ನೆಂಟ ಬರ್ತವ್ರೆ. ಊರ ಮಾನ ನಿಮ್ಮ ಕೈಲಿ ಐತೆ. ಒಂದು ಮೀನೂ ಹಸಿದಿರಬಾರದು” ಎಂದರು. ಅವರು ಹೇಳದಿದ್ದರೂ ನಮ್ಮವರು ಮಾಡುತ್ತಿದ್ದರು; ಹೇಳಿದ ಮೇಲೆ ಕೇಳಬೇಕೇ. ಕಂಬಿನ, ಅಂದರೆ ಸಜ್ಜೆಯ, ಮುದ್ದೆ, ಹುರಿದ ಜೋಳ, ಎಳ್ಳಿನ ಹಿಂಡಿ, ಅನ್ನ, ಮನೆಮನೆಯಿಂದ ಬುಟ್ಟಿ ಇಳಿದವು. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳೂ ಬಂದು ಹಾಕಿದರು. ಮದ್ದಿನಿಂದ ಉಳಿದಿದ್ದ ಮೀನುಗಳಿಗೆ ಅಂಥ ಹಬ್ಬ ಹಿಂದೆ ಸಿಕ್ಕಿರಲಿಲ್ಲ. ಮಾಮ ದಡದಲ್ಲಿ ಕೋಲು ಹಿಡಿದು ನಿಂತು, “ಅಲ್ಲಿ ಆ ಮೂಲೆಗೆ ಬಿದ್ದಿಲ್ಲೆ, ಅಲ್ಲಿ ಹಾಕವ್ವ” ಎಂದು ಬಡಿಸುವ ಜಾಗ ತೋರಿಸುತ್ತಿದ್ದರು.

ಮೂರನೆಯ ದಿನ ದೊರೆ ಬಂದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಕುದುರೆ ಇಳಿದು, ಮಡುವನ್ನು ಒಮ್ಮೆ ಸುತ್ತಿ ನೋಡಿ, ಆಳಿನ ಕೈಯಿಂದ ಉದ್ದನೆಯ ಚೀಲ ತೆಗೆಸಿದರು. ಚೀಲದಿಂದ ಒಂದು ಸಣ್ಣ ಕೋಲು ಬಂತು, ಅದಕ್ಕೆ ಇನ್ನೊಂದು ಸೇರಿತು, ಆಮೇಲೆ ದಾರ, ದಾರದ ತುದಿಗೆ ಕೊಕ್ಕೆ. ಇಂಗ್ಲಿಷಿನ ಆ ಉದ್ದನೆಯ ಜಾಗದಲ್ಲಿ ಏನಿತ್ತು ಎಂದು ನನಗೆ ಆಗ ತಿಳಿಯಿತು. ನನ್ನ ಮಾಮ ನಮ್ಮ ಮೀನುಗಳನ್ನು ದೊರೆಗಳ ಗಾಳಕ್ಕೆ ತೋರಿಸಿ ಕಾವಲು ಕೇಳಿದ್ದರು.

ಊರಿಗೆ ಊರೇ ದಡದಲ್ಲಿ ನಿಂತಿತ್ತು. ಅವ್ವ ಮುಂದೆ ಬಂದಳು. “ಆ ಮನುಸ ಏನು ಮಾಡ್ತವ್ರೆ?”

ಮಾಮ ಒಂದು ಕ್ಷಣವೂ ತಡೆಯಲಿಲ್ಲ. “ಆಳ ಅಳೀತವ್ರೆ ಅಕ್ಕಾ.”

“ಕೊಕ್ಕೆ ಯಾಕೈತೆ?”

“ತಳಕ್ಕೆ ಕಚ್ಚಬೇಕಲ್ಲ.”

ಅವ್ವ ಅವರ ಮುಖವನ್ನೇ ನೋಡಿದಳು. ನಾನು ಮಾಮನ ಕೋಟಿನ ತೋಳು ಹಿಡಿದು ಆಚೆ ಎಳೆದೆ. ಇದೇನು ಮಾಡಿಟ್ಟಿರಿ, ಕಾಯಿರಿ ಎಂದರೆ ಕೊಲ್ಲಲು ಕರೆತಂದಿರಾ ಎಂದೆ. “ಒಂದೆರಡು ಹೋಗ್ತವೆ, ಉಳಿದದ್ದು ಉಳೀತವೆ. ಪುಕ್ಕಟೆ ಯಾರು ಕಾಯ್ತಾರೆ?” ಎಂದು ಅವರು ಪಿಸುಗುಟ್ಟಿದರು. ಹಾಗೆಂದರೂ ಮಡುವಿಗೆ ಬೆನ್ನು ಮಾಡಿಯೇ ನಿಂತರು. ಅವರೂ ಆ ಮಡುವಿಗೆ ಅಕ್ಕಿ ಹಾಕಿಯೇ ಬೆಳೆದವರು.

ದೊರೆ ಕೊಡೆಯ ಕೆಳಗೆ ಕೂತು ಗಾಳ ಹಾಕಿದರು. ಬೆಳಗಿನಿಂದ ಸಂಜೆಯವರೆಗೆ ಹಾಕಿದರು. ಹುಳ ಕಟ್ಟಿದರು, ಹಿಟ್ಟು ಕಟ್ಟಿದರು, ಹೊಳೆಯುವ ತಗಡು ಕಟ್ಟಿದರು. ಎರಡು ದಿನ ಉಂಡ ಮೀನುಗಳು ಮದುವೆ ಊಟ ಮುಗಿಸಿದ ಗಂಡಸರ ಹಾಗೆ ಬಂಡೆಗಳ ಸಂದಿ ಸೇರಿ ಮಲಗಿದ್ದವು. ಒಂದಾದರೂ ಮೂತಿ ತೋರಿಸಲಿಲ್ಲ. ಊರವರು ಸೊಂಟ ನೋಯುವವರೆಗೆ ನಿಂತು ಆಳ ಅಳೆಯುವುದನ್ನು ನೋಡಿದರು. ಸರ್ಕಾರದ ಕೆಲಸ ಎಷ್ಟು ನಿಧಾನ ಎಂದು ಮಾತಾಡಿಕೊಂಡರು. ದೊರೆ ಕೋಲು ಬಿಚ್ಚಿ ಚೀಲಕ್ಕೆ ಹಾಕಿ, ಅವ್ವ ಕೊಟ್ಟ ಎಳನೀರು ಕುಡಿದು, ಮರ್ಯಾದೆಯಿಂದ ತಲೆಬಾಗಿ ಹೊರಟುಹೋದರು.

ಮೀನು ಉಳಿದವೆಂದು ನನಗೆ ಸಂತೋಷ, ಕಾವಲು ಹೋಯಿತೆಂದು ಸಂಕಟ. ಮಾಮನ ಮೇಲಿನ ಸಿಟ್ಟು ಎರಡಕ್ಕೂ ಸಾಲುತ್ತಿತ್ತು.

ಉತ್ತರ ದಿಂಡಿಗಲ್ಲಿಗೆ ಬಂತು. ಅದರಲ್ಲಿ ಎರಡೇ ಮಾತು. ಸದರಿ ಮಡುವಿನಲ್ಲಿ ಕಾಪಾಡತಕ್ಕಂಥ ಮೀನುಗಳು ಇಲ್ಲ, ಆದ್ದರಿಂದ ಹಣ ಮಂಜೂರಾಗಿಲ್ಲ. ಅರ್ಜಿ ಮಾತ್ರ ಬಹಳ ಸ್ಪಷ್ಟವಾದ ಭಾಷೆಯಲ್ಲಿದೆ.

ಬೇರೆಯವರಾದರೆ ಆ ಕಾಗದವನ್ನು ಬಚ್ಚಿಡುತ್ತಿದ್ದರು. ಮಾಮ ಅದನ್ನು ಕೋಟಿನ ಎದೆಜೇಬಿನಲ್ಲಿ ಇಟ್ಟುಕೊಂಡು ಊರೂರು ತಿರುಗಿದರು. ಅವರ ಇಂಗ್ಲಿಷನ್ನು ಸರ್ಕಾರವೇ ಮೆಚ್ಚಿ ಬರೆದುಕೊಟ್ಟಿದೆ! ಬೋಡಿಯ ಸಂತೆಯಲ್ಲಿ ಓದಿದರು, ಕಂಬಂ ಸಂತೆಯಲ್ಲಿ ಓದಿದರು, ತೇನಿಯ ಗಾಡಿಗಳು ನಿಲ್ಲುವಲ್ಲಿ ಎತ್ತುಗಳಿಗೂ ಕೇಳುವಂತೆ ಓದಿದರು. ಎರಡನೆಯ ಮಾತಿಗೆ ಹೋಗಬೇಕಾದರೆ ಮೊದಲನೆಯದನ್ನು ದಾಟಲೇಬೇಕಲ್ಲ. ಹೀಗಾಗಿ ಮೀನಿಲ್ಲ ಎಂಬ ಮಾತನ್ನು ಅವರೇ ಕಣಿವೆಯ ಉದ್ದಕ್ಕೂ, ತಮಿಳಿನಲ್ಲಿ ಬಿಡಿಸಿ ಬಿಡಿಸಿ, ಸಾರಿಕೊಂಡು ಬಂದರು. ನಾನು ಕಂಬಂ ಸಂತೆಯಲ್ಲಿ ಅವರನ್ನು ಕಂಡು ನಾಚಿಕೆಯಿಂದ ಬೆಲ್ಲದ ಅಂಗಡಿಯ ಹಿಂದೆ ನಿಂತೆ.

ಅಲ್ಲಿಯೇ ಆ ಮೇಸ್ತ್ರಿಯೂ ಇದ್ದ. ಓದುವುದನ್ನು ಪೂರ್ತಿ ಕೇಳಿದ. ನನ್ನನ್ನು ಗುರುತು ಹಿಡಿದು, “ನಿಮ್ಮ ಮಡುವಿನಲ್ಲಿ ಇನ್ನೇನಿದೆ, ಸರ್ಕಾರವೇ ದಿನವಿಡೀ ಕೂತು ನೋಡಿ ಹೋಗಿದೆಯಂತೆ. ನಾವೇ ತೀರಿಸಿಬಿಟ್ಟೆವು” ಎಂದು ತಮಿಳಿನಲ್ಲಿ ಹೇಳಿ ನಕ್ಕ. ನಾನು ತಲೆ ತಗ್ಗಿಸಿದೆ. ಅವನು ಅದನ್ನು ದುಃಖ ಎಂದುಕೊಂಡ. ಅಂದಿನಿಂದ ಅವನ ಗುಂಪು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಖಾಲಿ ನೀರಿಗೆ ಯಾರು ಮದ್ದು ಸುಡುತ್ತಾರೆ? ಮಳೆ ಬಂತು, ನದಿ ತುಂಬಿತು, ಇಳಿಯಿತು. ಮಡುವಿನ ಅಂಚಿನಲ್ಲಿ ಮರಿಗಳು ಎಳ್ಳು ಚೆಲ್ಲಿದ ಹಾಗೆ ಆಡುತ್ತಿದ್ದವು. ಅವ್ವ ಮತ್ತೆ ಅವುಗಳನ್ನು ಬೈಯಲು ಶುರುಮಾಡಿದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಅವರನ್ನು ನಕ್ಕು ಮರೆಯುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಮಾಮ ಪೆಟ್ಟಿಗೆ ಸಮೇತ ನಮ್ಮ ಮನೆಗೆ ಬಂದರು. ಮುಖ ಇಳಿದಿತ್ತು. ಕಚೇರಿಯ ಗುಮಾಸ್ತರು ಆ ಕಾಗದದ ಮೊದಲ ಮಾತನ್ನು ಹಿಡಿದುಕೊಂಡಿದ್ದರಂತೆ. ಇಲ್ಲದ ಮೀನಿಗೆ ದೊರೆಯನ್ನು ದಿನವಿಡೀ ಬಿಸಿಲಲ್ಲಿ ಕೂರಿಸಿದವನು ಎಂದು ಅವರನ್ನು ಕಂಡಾಗಲೆಲ್ಲ ಗಾಳ ಹಾಕುವಂತೆ ಕೈ ಆಡಿಸುತ್ತಿದ್ದರಂತೆ. ಚಾಪೆಯ ಮುಂದೆ ಅಳಲು ಬರುವವರೂ ಕಡಿಮೆಯಾಗಿದ್ದರು. ಸುಳ್ಳು ಬರೆಯುವವನ ಅರ್ಜಿಗೆ ಬೆಲೆ ಇಲ್ಲ ಎಂಬ ಮಾತು ಹಬ್ಬಿತ್ತು.

“ಅಪೀಲು ಬರೆದಿವ್ನಿ ಮಾಪ್ಳೆ. ಮದರಾಸಿಗೆ.” ದೊಡ್ಡ ಬೀಗ ತೆಗೆದು ಕಾಗದದ ಕಟ್ಟು ಹೊರತೆಗೆದರು. “ಕೊಡದಲ್ಲಿ ನೀರು ತುಂಬಿ ಒಂದು ದೊಡ್ಡ ಗೆಂಡೆ ಬಿಡು. ಗಾಡೀಲಿ ದಿಂಡಿಗಲ್ಲಿಗೆ ತಗೊಂಡೋಗಿ ಕಚೇರಿ ಮುಂದೆ ಇಡ್ತೀನಿ. ಮೀನು ಇಲ್ಲ ಅಂದೋವ್ರು ಕಣ್ಣಾರೆ ಕಾಣಲಿ. ನನ್ನ ಜೀವನದಲ್ಲಿ ಇಂಥ ಇಂಗ್ಲಿಷು ನಾನೇ ಬರೆದಿಲ್ಲೆ.”

ನಾನು ಅವರನ್ನು ಮಡುವಿಗೆ ಕರೆದುಕೊಂಡು ಹೋದೆ. ಹಿಡಿ ಕಂಬು ಎರಚಿದೆ. ನೀರು ಕುದಿಯುವಂತೆ ಮೀನು ಎದ್ದವು. ಮಾಮ ಬಾಯಿ ಬಿಟ್ಟು ನೋಡಿದರು.

“ಮೇಸ್ತ್ರಿ ಈಗ ಬರಲ್ಲೆ ಮಾಮ. ಯಾಕೆ ಗೊತ್ತಾ?”

ಅವರಿಗೆ ಗೊತ್ತಿರಲಿಲ್ಲ. ಅಷ್ಟು ಊರು ತಿರುಗಿ ಅಷ್ಟು ಗಟ್ಟಿಯಾಗಿ ಓದಿದವರಿಗೆ ತಾವು ಏನು ಓದಿದೆವು ಎಂಬುದೇ ಹೊಳೆದಿರಲಿಲ್ಲ. ಕಂಬಂ ಸಂತೆಯ ಮಾತನ್ನು ಹೇಳಿದೆ. ಕೇಳುವಾಗ ಕಣ್ಣು ಮುಚ್ಚಿಕೊಂಡರು, ಯಾರದೋ ತಕರಾರು ಕೇಳುವ ಹಾಗೆ.

“ಅಂದ್ರೆ ಆ ಕಾಗದ ನಿಂತ್ರೆ ಮೀನು ನಿಲ್ತವೆ.”

“ಹೌದು ಮಾಮ.”

“ಕಾಗದ ನಿಂತ್ರೆ ನಾನು ಸುಳ್ಳ.”

ಅವರ ಬಳಿ ಇದ್ದದ್ದೇ ಆ ಬರವಣಿಗೆ, ಹೊಲವಿಲ್ಲ, ಗಂಡುಮಕ್ಕಳಿಲ್ಲ. ಅದನ್ನೇ ಬಿಟ್ಟುಕೊಡಿ ಎಂದು ನಾನು ಕೇಳುತ್ತಿದ್ದೆ.

“ಇದನ್ನ ಒಂದ್ಸಲ ಓದ್ತೀನಿ, ಕೇಳು” ಎಂದರು. ದಡದ ಮೇಲೆ ಕೂತು, ಅಪೀಲನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಓದಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಅದು ಚೆನ್ನಾಗಿದೆ ಎಂದು ಕಿವಿಗೆ ಗೊತ್ತಾಗುತ್ತಿತ್ತು. ಓದಿ ಮುಗಿಸಿ ಕಾಗದಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ಮೀನುಗಳು ತಿಂಡಿಯೆಂದು ಬಂದು, ಮೂತಿ ತಾಗಿಸಿ, ಬಿಟ್ಟುಹೋದವು.

“ಇವಕ್ಕೂ ಬೇಡ” ಎಂದರು ಮಾಮ.

ನಾನು ನಗಬೇಕೆಂದುಕೊಂಡೆ, ಅತ್ತುಬಿಟ್ಟೆ. ಅವರು ನನ್ನ ಕೆನ್ನೆ ನೋಡಿ, “ಈಗ ಅಳ್ತೀಯಲ್ಲ ಮಾಪ್ಳೆ. ಅರ್ಜಿ ಬರೆಯುವಾಗ ಅತ್ತಿದ್ರೆ ಇಷ್ಟು ತೊಂದರೆ ಇತ್ತಾ?” ಎಂದು ಗದರಿಸಿದರು.

ಆಮೇಲೆಯೂ ಅವರು ಹುಣಸೆಮರದ ಕೆಳಗೆ ಕೂರುತ್ತಿದ್ದರು. ಗುಮಾಸ್ತರು ಗಾಳ ಹಾಕುವಂತೆ ಕೈ ಆಡಿಸಿದರೆ ಕೋಟಿನ ಗುಂಡಿ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಮತ್ತೆ ಒಂದು ಅಪೀಲು ಬರೆದು ಕಳಿಸಿದ್ದರೆ ಆ ನಗು ನಿಲ್ಲುತ್ತಿತ್ತು. ಎರಡು ಸಾಲಿನ ಜಾಗದಲ್ಲಿ ಎರಡು ಪುಟ ಬರೆದು ಕೆಲಸ ಕಳೆದುಕೊಂಡ ಮನುಷ್ಯ ಬರೆಯಲಿಲ್ಲ. ಜಂಬ ಬಿಟ್ಟರು ಎಂದು ಯಾರೂ ತಿಳಿಯಬೇಡಿ. ನಾನು ಹೊಗೆಸೊಪ್ಪು ಇಳಿಸಲು ಹೋದಾಗಲೆಲ್ಲ, ಮೀನು ಹೇಗಿವೆ ಎಂದು ಕೇಳುವ ಮೊದಲು, “ಆ ಅಪೀಲಿನ ಮೂರನೇ ಪುಟ ನೆನಪೈತಾ? ಅಂಥದ್ದು ಮದರಾಸಿನವ್ರೂ ಬರೆಯಲ್ಲೆ” ಎನ್ನುತ್ತಿದ್ದರು. ನಾನು ನೆನಪಿದೆ ಮಾಮ ಎನ್ನುತ್ತಿದ್ದೆ.

ಸಾವಿನ ಸುದ್ದಿ ಬಂದ ದಿನ ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಮಡುವಿಗೆ ನಡೆದಳು. ಮನೆಯವರು ಸತ್ತರೆ ಮಾತ್ರ ಹಾಗೆ ಮೊರದಲ್ಲಿ ಒಯ್ಯುವುದು. ಗಾಳ ತಂದವನು ಎಂದು ಅವಳು ಅವರನ್ನು ಕೊನೆಯವರೆಗೂ ಬೈದವಳು. ಆಳ ಅಳೆಯುವ ಮಾತನ್ನು ಅವಳು ಒಂದು ದಿನವೂ ನಂಬಿರಲಿಲ್ಲ. ನಾನು ಹಿಂದೆ ಹೋದೆ. ಅವಳು ಅಕ್ಕಿ ಎರಚಿದಳು. ಮೊಣಕೈ ಉದ್ದದವು ಬಂದವು. ಅವುಗಳ ಹಿಂದೆ, ದೇವರಾಣೆಗೂ, ಹೆಗಲ ಉದ್ದದ್ದು ಒಂದು ಬಂತು. ಮಾಮ ನನ್ನ ಕೈಯನ್ನು ಸರಿಸಿ ಬರೆದ ಅಳತೆಯದು.

ಮೇಲಿನ ದಾರಿಯಲ್ಲಿ ಯಾರೋ ಹೊಸಬನೊಬ್ಬ ಹೆಗಲಿಗೆ ಬಲೆ ಹಾಕಿಕೊಂಡು ಹೋಗುತ್ತಿದ್ದ. ನಮ್ಮನ್ನು ಕಂಡು ನಿಂತು, ಈ ನೀರಿನಲ್ಲಿ ಮೀನು ಇದೆಯೇ ಎಂದು ಕೂಗಿ ಕೇಳಿದ.

ಅವ್ವ ಖಾಲಿ ಮೊರವನ್ನು ಎದೆಗೆ ಹಿಡಿದು ಅವನ ಕಡೆ ತಿರುಗಿದಳು.

“ಇಲ್ಲೆಪ್ಪಾ. ನಮ್ಮ ತಮ್ಮ ಸರ್ಕಾರದ ಕೈಲೇ ಬರೆಸಿಕೊಟ್ಟವ್ನೆ” ಎಂದಳು.